ಬುಟ್ಟಿಯೂ ನುಡಿಯೂ: ಕಲಿನಾಗೊ ಕಲೆಯ ಒಂದು ವಿವೇಚನೆ

ಒಂದು ಜನಾಂಗದ ನುಡಿ ಅಳಿದ ಮೇಲೆ ಅದರ ಸಂಸ್ಕೃತಿಯಲ್ಲಿ ಉಳಿಯುವುದೇನು? ಗಡಿನಾಡಿನಲ್ಲಿ ನೆಲೆಸಿರುವ ನಮ್ಮನ್ನು ಆಗಾಗ ಕಾಡುವ ಪ್ರಶ್ನೆಯಿದು. ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪದಲ್ಲಿ ಇಂದಿಗೂ ಹೆಣೆಯುವ ಒಂದು ಬಗೆಯ ಬುಟ್ಟಿ ಈ ಪ್ರಶ್ನೆಗೆ ಅರ್ಧ ಉತ್ತರವನ್ನು ನೀಡುತ್ತದೆ. ಉಳಿದರ್ಧವನ್ನು ಅದು ನೀಡಲಾರದು ಎಂಬುದೇ ಇಲ್ಲಿ ವಿಚಾರಾರ್ಹ.

ಆ ದ್ವೀಪಕ್ಕೆ ಮೂಲನಿವಾಸಿಗಳಿಟ್ಟ ಹೆಸರು ವೈತುಕುಬುಲಿ. 'ಎತ್ತರದ ಮೈಯವಳು' ಎಂದು ಅದರ ಅರ್ಥ. 1493ರ ನವೆಂಬರ್ 3ರ ಭಾನುವಾರ ಕೊಲಂಬಸನ ಕಣ್ಣಿಗೆ ಬಿದ್ದುದರಿಂದ ಅದು ಡೊಮಿನಿಕಾ ಆಯಿತು. ಜನರ ಹೆಸರಿಗೂ ಇದೇ ಗತಿ. ಹೊರಗಿನವರು ಅವರನ್ನು 'ಕರಿಬ್' ಎಂದು ಕರೆದರು. ನರಭಕ್ಷಕನೆಂಬ ಅರ್ಥದ ಇಂಗ್ಲಿಷ್ ಪದವೂ ಅದೇ ಬೇರಿನದು. 1903ರಲ್ಲಿ ಬ್ರಿಟಿಷ್ ಆಡಳಿತವು ಪೂರ್ವ ಕರಾವಳಿಯ ಸುಮಾರು 3,700 ಎಕರೆ ಭೂಮಿಯನ್ನು ಅವರಿಗೆಂದು ಮೀಸಲಿಟ್ಟಿತು. 'ಕಲಿನಾಗೊ' ಎಂಬ ಸ್ವಂತ ಹೆಸರಿಗೆ ಕಾನೂನಿನ ಮನ್ನಣೆ ದೊರೆತದ್ದು 2015ರಲ್ಲಿ.

ಅವರ ನುಡಿ ಮಾತ್ರ ಮರಳಲಿಲ್ಲ. 20ನೆಯ ಶತಮಾನದ ಆದಿಭಾಗದಲ್ಲಿ ಅದನ್ನಾಡುವವರು ಇಲ್ಲವಾದರು. ಈಗ ಅಲ್ಲಿರುವುದು ಫ್ರೆಂಚ್ ಮೂಲದ ಕ್ರಿಯೋಲ್ ಮತ್ತು ಇಂಗ್ಲಿಷ್. ರೇಮಂಡ್ ಬ್ರೆತಾನ್ ಎಂಬ ಫ್ರೆಂಚ್ ಪಾದ್ರಿ ಸಂಗ್ರಹಿಸಿ 1665ರಲ್ಲಿ ಅಚ್ಚು ಹಾಕಿಸಿದ ನಿಘಂಟು ಪದಗಳನ್ನು ಕಾಯ್ದಿರಿಸಿದೆ. ನಮಗೂ ಪಾದ್ರಿಯೊಬ್ಬರ ನಿಘಂಟುಂಟು, 1894ರ ಕಿಟೆಲ್ ಕೋಶ. ನಾವು ಆಡುವ ಮಾತನ್ನು ಅದರಲ್ಲಿ ಹುಡುಕುತ್ತೇವೆ. ಅವರು ಆಡಲಾಗದ ಮಾತನ್ನು ಹುಡುಕಬೇಕಾಗಿದೆ.

ಆದರೆ ಕೈ ಮರೆಯಲಿಲ್ಲ. ಲರೂಮಾ ಎಂಬ ಜೊಂಡಿನಂಥ ಗಿಡದ ದಂಟನ್ನು ಕಡಿದು, ಸೀಳಿ, ಬಿಸಿಲಿಗೆ ಒಣಗಿಸುತ್ತಾರೆ. ಕಪ್ಪು ಬಣ್ಣ ಬೇಕಾದಾಗ ಸೀಳುಗಳನ್ನು ಕೆಸರಿನಲ್ಲಿ ಹೂತಿಡುತ್ತಾರೆ. ಎರಡು ಪದರದ ಬುಟ್ಟಿಯ ನಡುವೆ ಅಗಲವಾದ ಎಲೆಗಳನ್ನಿಟ್ಟರೆ ಮಳೆನೀರು ಒಳಗಿಳಿಯದು. ಮರಗೆಣಸಿನ ತುರಿಯಿಂದ ವಿಷದ ರಸವನ್ನು ಹಿಂಡಿ ತೆಗೆಯಲು ಹೆಣೆದ ಉದ್ದನೆಯ ಕೊಳವೆಯೂ ಇದೇ ಕೌಶಲದ ಫಲ. ಎಳೆದಾಗ ಅದು ಕಿರಿದಾಗಿ ಹಿಂಡುತ್ತದೆ. ಇಲ್ಲಿ ಅಂದವೂ ಉಪಯೋಗವೂ ಬೇರೆಬೇರೆಯಲ್ಲ. ಹೆಣಿಗೆಯ ಓರೆಯೇ ಅದರ ಯಂತ್ರ, ಅದೇ ಅದರ ಅಲಂಕಾರ.

ಇಂಥ ಕಲೆಯನ್ನು ಉಳಿಸುವ ಎರಡು ದಾರಿಗಳು ನಮ್ಮ ಕಾಲಕ್ಕೆ ಪರಿಚಿತ: ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಮತ್ತು ಪ್ರವಾಸಿಯ ಕೈಚೀಲ. ಮೊದಲನೆಯದು ವಸ್ತುವನ್ನು ಉಳಿಸಿ ಹೆಣೆಯುವವನನ್ನು ಹೊರಗಿಡುತ್ತದೆ. ಎರಡನೆಯದನ್ನು ಸುಲಭವಾಗಿ ಜರೆಯಬಹುದು. ಆದರೆ ರಸ್ತೆಬದಿಯಲ್ಲಿ ಟೋಪಿ, ಚಾಪೆ, ಬುಟ್ಟಿಗಳನ್ನು ಮಾರಿದ ಹಣದಿಂದ ಮನೆ ನಡೆಸುವವರ ಎದುರಿಗೆ ಆ ಜರೆತ ನಿಲ್ಲದು. ಮಾರಾಟವಿರುವುದರಿಂದಲೇ ಮಕ್ಕಳು ಹೆಣಿಗೆ ಕಲಿಯುತ್ತಾರೆ. ಆದರೂ ಒಂದು ಆಕ್ಷೇಪ ಉಳಿಯುತ್ತದೆ. ಕೊಳ್ಳುವವನ ರುಚಿಗೆ ಟೋಪಿ ಉಳಿದೀತು, ಹಿಂಡುವ ಕೊಳವೆ ಉಳಿಯದು. ಮರಗೆಣಸಿನ ರೊಟ್ಟಿ ಸುಡುವ ಒಲೆ ಇರುವವರೆಗೆ ಮಾತ್ರ ಆ ಕೊಳವೆಗೆ ಜೀವವಿದೆ. ಆಮೇಲೆ ಅದು ಗೋಡೆಯ ಅಲಂಕಾರ.

ಆದ್ದರಿಂದಲೇ 1997ರ ಯಾನ ಮುಖ್ಯವೆನಿಸುತ್ತದೆ. ಕಲಿನಾಗೊ ಚಿತ್ರಕಾರ ಜೇಕಬ್ ಫ್ರೆಡರಿಕ್ ಮತ್ತು ಸಂಗಡಿಗರು ಒಂದೇ ಮರದ ದಿಮ್ಮಿಯನ್ನು ಕೊರೆದು ಮಾಡಿದ 'ಗ್ಲಿ ಗ್ಲಿ' ಎಂಬ ದೋಣಿಯಲ್ಲಿ, ತಮ್ಮ ಪೂರ್ವಜರು ಬಂದ ದಕ್ಷಿಣ ಅಮೆರಿಕದ ಕಡೆಗೆ ಹಾಯಿ ಬಿಟ್ಟರು. ದೋಣಿಯನ್ನು ಅವರು ಪ್ರದರ್ಶನಕ್ಕಿಡಲಿಲ್ಲ, ಕಡಲಿಗಿಳಿಸಿದರು. 2017ರ ಮರಿಯಾ ಚಂಡಮಾರುತವು ದ್ವೀಪದ ಕಾಡನ್ನು ಬೋಳಾಗಿಸಿದಾಗ ಮತ್ತೊಂದು ಸತ್ಯ ಗೋಚರವಾಯಿತು: ಕಾಡಿಲ್ಲದೆ ದೋಣಿಯಿಲ್ಲ, ಬುಟ್ಟಿಯಿಲ್ಲ. ಆ ಭೂಮಿ ಸಮುದಾಯದ ಒಡೆತನದಲ್ಲಿದೆ, ಹೊರಗಿನವರಿಗೆ ಮಾರಲಾಗದು. ಕಲೆಯ ನಿಜವಾದ ಕಾವಲು ಇದೇ ಇರಬಹುದು.

ಕಲಿನಾಗೊಗಳ ರಕ್ತಸಂಬಂಧಿಗಳಾದ ಗರಿಫುನಾ ಜನರ ಕಥೆ ಇದಕ್ಕೆ ತಿರುಗುಮುರುಗು. 1797ರಲ್ಲಿ ಬ್ರಿಟಿಷರು ಅವರನ್ನು ಸೇಂಟ್ ವಿನ್ಸೆಂಟ್ ದ್ವೀಪದಿಂದ ಹೊಂಡುರಾಸ್ ಬಳಿಯ ರೊವತಾನ್ ದ್ವೀಪಕ್ಕೆ ಗಡೀಪಾರು ಮಾಡಿದರು. ನೆಲ ಹೋಯಿತು, ನುಡಿ ಮತ್ತು ಹಾಡು ಉಳಿದವು. ಯುನೆಸ್ಕೊ 2001ರಲ್ಲಿ ಅವರ ಭಾಷೆ, ನೃತ್ಯ, ಸಂಗೀತಗಳನ್ನು ಮಾನವಕುಲದ ಪರಂಪರೆಯೆಂದು ಸಾರಿತು. ಒಬ್ಬರಲ್ಲಿ ನೆಲ ಮತ್ತು ಬುಟ್ಟಿ, ಇನ್ನೊಬ್ಬರಲ್ಲಿ ನುಡಿ ಮತ್ತು ಹಾಡು. ಒಂದು ಇನ್ನೊಂದರ ಕೊರತೆಯನ್ನು ತುಂಬಿಕೊಡಲಾರದು. ಬುಟ್ಟಿಯ ಹೆಣಿಗೆ ಕೈಯಿಂದ ಕೈಗೆ ಬಂದೀತು. ಹೆಣೆಯುತ್ತ ಅಜ್ಜಿ ಹೇಳಿದ ಕಥೆ ಆ ನುಡಿಯಲ್ಲಿ ಬರಲಾರದು.

ನಮ್ಮ ಪಾಲಿಗೆ ಇದರಲ್ಲಿ ಒಂದು ಮುಜುಗರದ ಪಾಠವಿದೆ. ಕನ್ನಡಕ್ಕೆ ಒದಗಿದ ಕಷ್ಟವನ್ನು ಸಮ್ಮೇಳನದಿಂದ ಸಮ್ಮೇಳನಕ್ಕೆ ಹೇಳಿಕೊಳ್ಳುವ ನಾವು, ಕಾಸರಗೋಡಿನ ಕೊರಗ ಬಂಧುಗಳು ಕಾಡುಬಳ್ಳಿಯಲ್ಲಿ ಹೆಣೆದ ಬುಟ್ಟಿಯನ್ನು ಚೌಕಾಸಿ ಮಾಡಿ ಕೊಳ್ಳುತ್ತೇವೆ. ಆ ಬುಟ್ಟಿಗೆ ಅವರ ನುಡಿಯಲ್ಲಿ ಏನೆನ್ನುತ್ತಾರೆಂದು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ? ಕೇಳಲು ಇನ್ನೂ ಸಮಯವಿದೆ, ಹೇಳುವವರಿದ್ದಾರೆ.