ಸ್ಯಾಕ್ಸೊಫೋನಿನಲ್ಲಿ ಗಮಕ: ‘ಕಿನ್ಸ್‌ಮೆನ್’ ಧ್ವನಿಮುದ್ರಿಕೆಯ ವಿಮರ್ಶೆ

ಉಡುಪಿ, ಕಾಪು, ಕಾರ್ಕಳಗಳ ಸೀಮೆಯಲ್ಲಿ ದೇವರ ಉತ್ಸವಕ್ಕೆ ಸ್ಯಾಕ್ಸೊಫೋನು ನುಡಿಯುವುದು ಇಂದು ಯಾರಿಗೂ ಸೋಜಿಗವಲ್ಲ. ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸನು ನಿರ್ಮಿಸಿ 1846ರಲ್ಲಿ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವು ಅಮೆರಿಕದಲ್ಲಿ ಜಾಸ್ ಸಂಗೀತದ ಕಂಠವಾಯಿತು. ನಮ್ಮ ಕರಾವಳಿಯ ಕದ್ರಿ ಗೋಪಾಲನಾಥರಿಂದ (1949–2019) ಕರ್ಣಾಟಕ ಸಂಗೀತದ ಕಛೇರಿಗೂ ಅರ್ಹವಾಯಿತು. ಈ ಎರಡು ಧಾರೆಗಳ ಸಂಗಮವೇ 2008ರಲ್ಲಿ ಪ್ರಕಟವಾದ ‘ಕಿನ್ಸ್‌ಮೆನ್’. ಇಲ್ಲಿ ಗೋಪಾಲನಾಥರಿಗೆ ಜೊತೆಯಾದವರು ಕನ್ನಡ ಮೂಲದ, ಅಮೆರಿಕದಲ್ಲಿ ಬೆಳೆದ ಜಾಸ್ ವಾದಕ ರುದ್ರೇಶ ಮಹಂತಪ್ಪನವರು.

ಕೀಲಿಗಳನ್ನೊತ್ತಿ ನುಡಿಸುವ ಈ ವಾದ್ಯವು ಸ್ವರಗಳನ್ನು ಬಿಡಿಬಿಡಿಯಾಗಿ ನಿಲ್ಲಿಸುವುದು. ನಮ್ಮ ರಾಗವಾದರೋ ಸ್ವರದಿಂದ ಸ್ವರಕ್ಕೆ ಸಾಗುವ ಹಾದಿಯಲ್ಲಿಯೇ ಜೀವಿಸುವುದು. ಗೋಪಾಲನಾಥರು ವಾದ್ಯವನ್ನೇ ಕೆಲಮಟ್ಟಿಗೆ ಮಾರ್ಪಡಿಸಿ ಗಮಕವನ್ನು ಸಾಧಿಸಿದರು. ಜಾಸ್ ಮೇಳದ ನಡುವೆಯೂ ಅದನ್ನು ಬಿಟ್ಟುಕೊಡಲಿಲ್ಲ. ಮಹಂತಪ್ಪನವರೂ ಆ ಗಮಕವನ್ನು ಅನುಕರಿಸಹೊರಡದೆ ತಮ್ಮ ಚುರುಕಾದ, ಕತ್ತರಿಸಿದಂತಹ ನುಡಿಯಲ್ಲಿಯೇ ಉತ್ತರವೀಯುವರು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗಗಳು ಈ ಸಂವಾದಕ್ಕೆ ನೆಲೆಗಟ್ಟಾಗಿವೆ.

ದೋಷವಿಲ್ಲವೆಂದಲ್ಲ. ಪಾಶ್ಚಾತ್ಯ ತಾಳವಾದ್ಯಗಳ ಘೋಷವು ದಟ್ಟವಾದೆಡೆ ಗಮಕದ ಸೂಕ್ಷ್ಮವು ಮುಸುಕಾಗುವುದು. ವೇಗವು ಹೆಚ್ಚಿದಂತೆ ರಾಗಭಾವವು ಹಿಂದೆ ಸರಿಯುವುದು. ವಿಳಂಬದ ಆಲಾಪಭಾಗಗಳೇ ಮನಸ್ಸಿನಲ್ಲಿ ಉಳಿಯುವುವು.

ಹೆಸರಿನ ಅರ್ಥ ಬಂಧುಗಳೆಂದು. ಬಂಧುತ್ವವು ಏಕರೂಪತೆಯಲ್ಲವೆಂಬುದನ್ನು ಈ ಕೃತಿಯು ನಾದದಿಂದಲೇ ತೋರಿಸಿದೆ. ವಾದ್ಯವು ಎಲ್ಲಿ ಹುಟ್ಟಿತೆಂಬುದಕ್ಕಿಂತ ಅದು ರಾಗವನ್ನು ನುಡಿಯಬಲ್ಲುದೇ ಎಂಬುದೇ ವಿಮರ್ಶಕನ ಪ್ರಶ್ನೆಯಾಗಬೇಕು.