ಉಗ್ರಾಣವಿದ್ದರೆ ಸಾಲದು, ಬಾಗಿಲೂ ಬೇಕು

ಯಕೃತ್ತನ್ನು ‘ಗ್ಲೈಕೋಜನ್ ಉಗ್ರಾಣ’ ಎಂದು ವರ್ಣಿಸುವ ಪಾಠಗಳನ್ನು ನೀವು ಓದಿರಬಹುದು. ಊಟದ ನಂತರ ಹೆಚ್ಚುವರಿ ಗ್ಲೂಕೋಸ್ ಅಲ್ಲಿ ಗ್ಲೈಕೋಜನ್ ರೂಪದಲ್ಲಿ ಶೇಖರವಾಗುತ್ತದೆ, ಹಸಿದಾಗ ಮತ್ತೆ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ ಎಂಬ ವಿವರಣೆ ತಪ್ಪಲ್ಲ. ಆದರೆ ಜೊತೆಗಿನ ಚಿತ್ರದಲ್ಲಿ ಗ್ಲೈಕೋಜನ್‌ನಿಂದ ಗ್ಲೂಕೋಸ್‌ಗೆ ಒಂದೇ ಬಾಣ ಎಳೆದಿದ್ದರೆ, ಮುಖ್ಯ ಸಂಗತಿ ಆ ಬಾಣದಲ್ಲಿಯೇ ಮರೆಯಾಗಿರುತ್ತದೆ.

ಹೀಗೆ ಯೋಚಿಸಿ ನೋಡಿ. ವಯಸ್ಕರ ಯಕೃತ್ತಿನಲ್ಲಿರುವ ಗ್ಲೈಕೋಜನ್ ಸುಮಾರು 100 ಗ್ರಾಂ. ಸ್ನಾಯುಗಳಲ್ಲಿ ಒಟ್ಟಾರೆ ಸುಮಾರು 400 ಗ್ರಾಂ. ಹಾಗಿದ್ದರೂ ರಾತ್ರಿ ನೀವು ನಿದ್ರಿಸುವಾಗ ಮಿದುಳಿಗೆ ಗ್ಲೂಕೋಸ್ ಒದಗಿಸುವುದು ಚಿಕ್ಕ ಉಗ್ರಾಣವೇ ಹೊರತು ದೊಡ್ಡದಲ್ಲ. ಏಕೆ?

ಗ್ಲೈಕೋಜನ್ ಒಡೆದಾಗ ಬಹುಪಾಲು ಉಂಟಾಗುವುದು ಗ್ಲೂಕೋಸ್ ಅಲ್ಲ, ಅದರ ಫಾಸ್ಫೇಟ್. ಫಾಸ್ಫೇಟ್ ಅಂಟಿದ ಅಣು ಕೋಶಪೊರೆಯನ್ನು ದಾಟಿ ಹೊರಬರಲಾರದು. ಅದನ್ನು ಕಳಚುವ ಕಿಣ್ವ ಗ್ಲೂಕೋಸ್-6-ಫಾಸ್ಫಟೇಸ್. ಯಕೃತ್ತಿನಲ್ಲಿ ಈ ಕಿಣ್ವ ಸಮೃದ್ಧವಾಗಿದೆ, ಮೂತ್ರಪಿಂಡದಲ್ಲಿಯೂ ಇದೆ. ಸ್ನಾಯುವಿಗೆ ಈ ಸೌಲಭ್ಯವಿಲ್ಲ. ತನ್ನ ದಾಸ್ತಾನನ್ನು ಅದು ತಾನೇ ಬಳಸಬೇಕು. ದುಡಿಯುವ ಸ್ನಾಯು ಹೊರಹಾಕಿದ ಲ್ಯಾಕ್ಟೇಟ್‌ನಿಂದ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುವಾಗಲೂ ಕೊನೆಯ ಹಂತ ಇದೇ ಕಿಣ್ವದ್ದು. ಎರಡು ದಾರಿಗಳಿಗೂ ಬಾಗಿಲು ಒಂದೇ.

ಬಾಗಿಲು ಮುಚ್ಚಿದರೆ ಏನಾಗುತ್ತದೆ? 1929ರಲ್ಲಿ ಫಾನ್ ಗೀರ್ಕೆ ವರ್ಣಿಸಿದ ಕಾಯಿಲೆಯಲ್ಲಿ ಮಗುವಿನ ಯಕೃತ್ತು ಗ್ಲೈಕೋಜನ್ ತುಂಬಿ ಊದಿರುತ್ತದೆ; ಆದರೂ ಕೆಲವೇ ಗಂಟೆ ಆಹಾರ ತಪ್ಪಿದರೆ ರಕ್ತದ ಗ್ಲೂಕೋಸ್ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಈ ಕಾಯಿಲೆಯಲ್ಲಿ ಗ್ಲೂಕೋಸ್-6-ಫಾಸ್ಫಟೇಸ್ ಕೊರತೆಯನ್ನು 1952ರಲ್ಲಿ ತೋರಿಸಿಕೊಟ್ಟವರು ಗರ್ಟಿ ಕೋರಿ ಮತ್ತು ಕಾರ್ಲ್ ಕೋರಿ ದಂಪತಿಗಳು. ‘ಉಗ್ರಾಣ’ದ ಪಾಠವನ್ನಷ್ಟೇ ಕಲಿತ ವಿದ್ಯಾರ್ಥಿ ಈ ಮಗುವಿನಲ್ಲಿ ದಾಸ್ತಾನು ಬರಿದಾಗಿದೆ ಎಂದೇ ಊಹಿಸುತ್ತಾನೆ. ವಾಸ್ತವ ಅದಕ್ಕೆ ತದ್ವಿರುದ್ಧ. 1984ರಲ್ಲಿ ವರದಿಯಾದ ಚಿಕಿತ್ಸೆಯ ಆಧಾರವೂ ಇದೇ ತಿಳಿವಳಿಕೆ: ಬೇಯಿಸದ ಮೆಕ್ಕೆಜೋಳದ ಪಿಷ್ಟವನ್ನು ನಿಯತವಾಗಿ ಕೊಟ್ಟರೆ ಅದು ಕರುಳಿನಲ್ಲಿ ನಿಧಾನವಾಗಿ ಜೀರ್ಣವಾಗಿ, ಯಕೃತ್ತು ಕೊಡಲಾಗದ ಗ್ಲೂಕೋಸನ್ನು ರಕ್ತಕ್ಕೆ ಒದಗಿಸುತ್ತದೆ.

ಶಾಲಾಮಟ್ಟಕ್ಕೆ ಇಷ್ಟು ವಿವರ ಹೊರೆಯಾಗದೇ ಎಂದು ನೀವು ಕೇಳಬಹುದು. ಕಿಣ್ವದ ಉದ್ದನೆಯ ಹೆಸರನ್ನು ಬೇಕಾದರೆ ಬಿಡೋಣ. ಒಂದು ಬಾಣದ ಬದಲು ಎರಡು ಬಾಣ ಎಳೆದು, ಎರಡನೆಯದು ಸ್ನಾಯುವಿನಲ್ಲಿ ಇಲ್ಲ ಎಂದು ತೋರಿಸಿದರೆ ಸಾಕು. ಕೂಡಿಡುವುದು ಬೇರೆ, ಹಂಚುವುದು ಬೇರೆ ಎಂಬುದು ಆಗ ಚಿತ್ರದಿಂದಲೇ ತಿಳಿಯುತ್ತದೆ.