ಸ್ಥಾಪಕ, ಗ್ರಂಥ, ಎರಡು ಅಂಕ

ನಮ್ಮ ರಾಜ್ಯದ ಒಂಬತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಪುಸ್ತಕದ ಒಂದು ಆವೃತ್ತಿಯಲ್ಲಿ ಇತಿಹಾಸದ ಮೊದಲ ಪಾಠದ ಹೆಸರು ‘ಪಾಶ್ಚಾತ್ಯ ರಿಲಿಜನ್‌ಗಳು’. ಒಳಗಿರೋದು ಕ್ರೈಸ್ತ ಧರ್ಮ ಮತ್ತು ಇಸ್ಲಾಂ. ಇನ್ನೊಂದು ಪಾಠ ‘ಭಾರತದ ಮತಪ್ರವರ್ತಕರು’. ಅದರಲ್ಲಿ ಶಂಕರ, ರಾಮಾನುಜ, ಮಧ್ವ, ಬಸವಣ್ಣ ಬರ್ತಾರೆ.

ಜೆರುಸಲೇಮೂ ಮೆಕ್ಕಾನೂ ಏಷ್ಯಾದಲ್ಲೇ ಇವೆ ಅನ್ನೋದು ಒಂದು ಕಡೆ ಇರಲಿ. ಕನ್ನಡದಲ್ಲಿ ಮತ, ಧರ್ಮ ಅಂತ ಎರಡೆರಡು ಪದ ಇರುವಾಗ ಇವೆರಡಕ್ಕೆ ಮಾತ್ರ ಇಂಗ್ಲಿಷಿನ ‘ರಿಲಿಜನ್’ ಯಾಕೆ? ತರೀಕೆರೆ ಪೇಟೆಯಲ್ಲಿ ಹುಟ್ಟಿ ಬೆಳೆದ, ಅಜ್ಜಿಯ ಅಜ್ಜಿಯೂ ಅಲ್ಲೇ ಇದ್ದ ಮುಸ್ಲಿಂ ಹುಡುಗಿ ಜೂನ್ ತಿಂಗಳಲ್ಲಿ ಹೊಸ ಪುಸ್ತಕ ತೆಗೀತಾಳೆ. ನೀನು ಬೇರೆ ಕಡೆಯವಳು ಅಂತ ಪಾಠದ ಒಂದು ಸಾಲೂ ಹೇಳಬೇಕಾಗಿಲ್ಲ. ಹೆಡ್ಡಿಂಗೇ ಹೇಳಿ ಮುಗಿಸಿರುತ್ತೆ.

ಹೆಡ್ಡಿಂಗ್ ದಾಟಿ ಒಳಗೆ ಹೋದರೆ ಇನ್ನೊಂದು ಸಮಸ್ಯೆ ಇದೆ. ಇದು ಯಾವ ಧರ್ಮಕ್ಕೂ ಪಕ್ಷಪಾತ ಮಾಡಲ್ಲ, ಎಲ್ಲವನ್ನೂ ಸಮನಾಗಿ ಕೆಡಿಸುತ್ತೆ. ಸ್ಥಾಪಕ ಯಾರು, ಎಲ್ಲಿ ಹುಟ್ಟಿದ, ತಂದೆತಾಯಿ ಯಾರು, ಪವಿತ್ರ ಗ್ರಂಥ ಯಾವುದು, ಬೋಧನೆಗಳು ಐದು ಪಾಯಿಂಟಿನಲ್ಲಿ. ಬಿಟ್ಟಸ್ಥಳ ತುಂಬಿರಿ, ಒಂದು ಅಂಕ. ಎರಡು ವಾಕ್ಯದಲ್ಲಿ ಉತ್ತರಿಸಿ, ಎರಡು ಅಂಕ. ಟೇಬಲ್ ಮೊದಲೇ ರೆಡಿ ಮಾಡಿಟ್ಟು ಜಗತ್ತಿನ ಧರ್ಮಗಳನ್ನೆಲ್ಲ ಅದರ ಕಾಲಮ್ಮುಗಳಿಗೆ ತುಂಬಿದ ಹಾಗಿದೆ.

ಕಡೂರು, ಬೀರೂರು, ಅಜ್ಜಂಪುರ ಕಡೆ ಮಕ್ಕಳು ದಿನಾ ಕಾಣೋ ಧರ್ಮ ಈ ಟೇಬಲ್ಲಿಗೆ ಬರೋದೇ ಇಲ್ಲ. ಅಂತರಘಟ್ಟೆ ಅಮ್ಮನ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗ್ತಾರಲ್ಲ, ಅದರ ಸ್ಥಾಪಕ ಯಾರು? ಬೀರೂರಿನ ಮೈಲಾರಲಿಂಗನ ಕಾರ್ಣಿಕ ಕೇಳೋಕೆ ಮುಗಿಬೀಳೋ ಜನಕ್ಕೆ ಪವಿತ್ರ ಗ್ರಂಥ ಯಾವುದು? ಎರಡೂ ಕಾಲಮ್ ಖಾಲಿ. ಕಾಲಮ್ ಖಾಲಿ ಅಂದಮೇಲೆ ಅದು ಧರ್ಮಾನೇ ಅಲ್ಲ, ಹಳ್ಳಿ ಮೂಢನಂಬಿಕೆ ಅಂತ ಹುಡುಗ ತಾನೇ ತೀರ್ಮಾನ ಮಾಡ್ಕೋತಾನೆ. ಮನೆಯಲ್ಲಿ ಅಜ್ಜಿ ಮಾಡೋದೆಲ್ಲ ಅವನ ಕಣ್ಣಲ್ಲಿ ಸಿಲಬಸ್ಸಿನ ಹೊರಗಿನದು.

2022ರ ಪಠ್ಯಪುಸ್ತಕ ಗಲಾಟೆ ನೆನಪಿರಬಹುದು. ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆಯಲ್ಲಿ ಬಸವಣ್ಣನ ಪಾಠದ ಬಗ್ಗೆ ದೊಡ್ಡ ತಕರಾರು ಎದ್ದಿತ್ತು. ಅಜ್ಜಂಪುರದ ಪಕ್ಕದ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ ಮುಖ್ಯಮಂತ್ರಿಗೇ ಪತ್ರ ಬರೆದರು. ಉಪನಯನದ ವಿಷಯ, ದೀಕ್ಷೆಯ ವಿಷಯ, ವೀರಶೈವ ಅನ್ನೋ ಪದ. ತಕರಾರಿನಲ್ಲಿ ನ್ಯಾಯ ಇತ್ತು ಅಂತಲೇ ನನ್ನ ಅಭಿಪ್ರಾಯ. ಜನಿವಾರ ಬೇಡ ಅಂದವನ ಕಥೆಯಿಂದ ಆ ‘ಬೇಡ’ವನ್ನೇ ತೆಗೆದರೆ ಉಳಿಯೋದೇನು? ಸಮಿತಿ ವಿಸರ್ಜನೆ ಆಯ್ತು, 2023ರಲ್ಲಿ ಸರ್ಕಾರ ಬದಲಾಗಿ ಪುಸ್ತಕ ಮತ್ತೆ ಪರಿಷ್ಕರಣೆ ಆಯ್ತು. ಇಷ್ಟೆಲ್ಲ ಆದರೂ ಜಗಳವೆಲ್ಲ ವಾಕ್ಯಗಳ ಮೇಲೆ ನಡೀತು. ಬಸವಣ್ಣ ಯಾಕೆ ಬೇಡ ಅಂದ, ಆ ಮಾತು ಇವತ್ತು ನಮ್ಮೂರ ಕೇರಿಯಲ್ಲಿ ಏನಾಗಿದೆ ಅಂತ ಕ್ಲಾಸಿನಲ್ಲಿ ಕೇಳೋದು ಹೇಗೆ ಅನ್ನೋದನ್ನ ಎಡದವರೂ ಎತ್ತಲಿಲ್ಲ, ಬಲದವರೂ ಎತ್ತಲಿಲ್ಲ. ಹೊಸ ವಾಕ್ಯವನ್ನೂ ಮಕ್ಕಳು ಬಾಯಿಪಾಠ ಮಾಡಿದರು, ಅಷ್ಟೆ.

ಅದೇ ವರ್ಷ ಮಾರ್ಚಿನಲ್ಲಿ ಭಗವದ್ಗೀತೆಯನ್ನ ನೈತಿಕ ಶಿಕ್ಷಣವಾಗಿ ತರೋ ಮಾತೂ ಬಂದಿತ್ತು. ಗೀತೆ ಓದಬಾರದು ಅಂತಲ್ಲ. ಆದರೆ ಒಂದು ಧರ್ಮವನ್ನ ಕಲಿಸೋದು ಬೇರೆ, ಧರ್ಮಗಳ ಬಗ್ಗೆ ಕಲಿಸೋದು ಬೇರೆ. ಈ ವ್ಯತ್ಯಾಸವನ್ನ 1964–66ರ ಕೊಠಾರಿ ಆಯೋಗವೇ ಬಿಡಿಸಿ ಹೇಳಿತ್ತು. ಸಂವಿಧಾನದ 28ನೇ ವಿಧಿ ಪೂರ್ತಿ ಸರ್ಕಾರಿ ದುಡ್ಡಲ್ಲಿ ನಡೆಯೋ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಅನ್ನುತ್ತೆ. ಧರ್ಮಗಳ ಅಧ್ಯಯನಕ್ಕೆ ಅದು ಅಡ್ಡಿಯಲ್ಲ ಅಂತ 2002ರ ಅರುಣಾ ರಾಯ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಹಾಗಾಗಿ ಕಾನೂನು ಬಿಡಲ್ಲ ಅನ್ನೋದು ನೆಪ.

ಬೆಂಗಳೂರಿನ ನನ್ನ ಆಫೀಸ್ ಗೆಳೆಯರ ವಾದ ಇನ್ನೊಂದು ತರ. ಶಾಲೆಯಲ್ಲಿ ಧರ್ಮಾನೇ ಬೇಡ, ಮನೆಯಲ್ಲಿ ಕಲೀಲಿ ಅಂತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಮನೆಯಲ್ಲಿ ಕಲಿಯೋದು ಅವರವರ ಧರ್ಮವನ್ನ ಮಾತ್ರ. ಪಕ್ಕದ ಮನೆಯವರದ್ದನ್ನ ಕಲಿಸೋರು ಯಾರು? ವಾಟ್ಸಾಪ್. ತರೀಕೆರೆ, ಲಿಂಗದಹಳ್ಳಿ ಕಡೆಯ ಮಕ್ಕಳಿಗೆ ಬಾಬಾಬುಡನ್‌ಗಿರಿ ಸಾಲು ದೂರದ್ದಲ್ಲ. ಅಲ್ಲಿ ದತ್ತಾತ್ರೇಯನ ಹೆಸರೂ ಇದೆ, ದಾದಾ ಹಯಾತ್ ಮೀರ್ ಕಲಂದರ್ ಹೆಸರೂ ಇದೆ. ಡಿಸೆಂಬರಿನಲ್ಲಿ ದತ್ತ ಜಯಂತಿ ಬಂತು ಅಂದರೆ ಜಿಲ್ಲೆ ತುಂಬಾ ಪೊಲೀಸ್ ಬಂದೋಬಸ್ತು. ಇದೆಲ್ಲ ಯಾಕೆ ಅಂತ ಹದಿನಾಲ್ಕು ವರ್ಷದ ಹುಡುಗ ಕೇಳಿಯೇ ಕೇಳ್ತಾನೆ. ಮೇಷ್ಟ್ರು ಬಾಯಿ ಬಿಡದಿದ್ದರೆ ಉತ್ತರ ಕೊಡೋಕೆ ಬೀದಿಯಲ್ಲಿ ಬೇಕಾದಷ್ಟು ಜನ ಕಾಯ್ತಿದ್ದಾರೆ.

ಹಾಗಂತ ಮೊದಲ ಪಾಠಕ್ಕೇ ಬೆಟ್ಟ ಹತ್ತಿ ಅಂತ ಯಾವ ಮೇಷ್ಟ್ರಿಗೂ ಹೇಳಲ್ಲ. ಅಮೃತಾಪುರಕ್ಕೆ ಹೋಗಲಿ. ತರೀಕೆರೆ ತಾಲ್ಲೂಕಿನ ಆ ಅಮೃತೇಶ್ವರ ಗುಡಿಯನ್ನ 1196ರಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಕಟ್ಟಿಸಿದ. ಗುಡಿ ಶಿವನದು. ಹೊರಗೋಡೆಯ ಕೆತ್ತನೆಯಲ್ಲಿ ಇರೋದು ರಾಮಾಯಣ, ಮಹಾಭಾರತ, ಕೃಷ್ಣನ ಕಥೆ, ಒಟ್ಟು 140 ಫಲಕ. ಅದರಲ್ಲೂ ದಕ್ಷಿಣದ ಗೋಡೆಯ ರಾಮಾಯಣ ಅಪ್ರದಕ್ಷಿಣೆಯಾಗಿ ಸಾಗುತ್ತೆ. ಇನ್ನು ಮುಖಮಂಟಪದ ಹತ್ತಿರದ ದೊಡ್ಡ ಶಾಸನಕ್ಕೆ ಪದ್ಯ ಬರೆದವನು ಜನ್ನ. ‘ಯಶೋಧರ ಚರಿತೆ’ಯ ಜನ್ನನೇ. ಅವನು ಜೈನ.

ಹೊಯ್ಸಳರ ಪಾಠದಲ್ಲಿ ಜನ್ನನ ಹೆಸರು ಕವಿಗಳ ಪಟ್ಟಿಯಲ್ಲಿ ಬಂದು ಹೋಗುತ್ತೆ. ಈ ಕಲ್ಲಿನ ಮುಂದೆ ಮಕ್ಕಳನ್ನ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ಜೈನ ಕವಿ ಶಿವನ ಗುಡಿಗೆ ಪದ್ಯ ಯಾಕೆ ಬರೆದ? ರಾಜಾಶ್ರಯಕ್ಕಾಗಿ ಅಂತ ಒಬ್ಬಳು ಅಂತಾಳೆ, ಆಗ ಭೇದ ಇರಲಿಲ್ಲ ಅಂತ ಇನ್ನೊಬ್ಬ. ಭೇದ ಇರಲಿಲ್ಲ ಅನ್ನೋದು ಪೂರ್ತಿ ನಿಜಾನಾ ಅಂತ ಮೇಷ್ಟ್ರು ಕೆಣಕಬೇಕು. ಆ ಕಾಲದ ಮತೀಯ ಜಗಳಗಳೂ ಸುಳ್ಳಲ್ಲ. ಹಿಂದೆ ಎಲ್ಲರೂ ಅಣ್ಣತಮ್ಮಂದಿರ ಹಾಗಿದ್ದರು ಅನ್ನೋ ಸಿಹಿ ಮಾತೂ ಒಂದು ಬಾಯಿಪಾಠವೇ.

ಕಡೂರಿನ ಒಂದು ಶಾಸನ ಇನ್ನೂ ಹಳೇದು. ಗಂಗರ ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತು ಜೈನ ವ್ರತ ಹಿಡಿದು 30 ವರ್ಷ ತಪಸ್ಸು ಮಾಡಿ 971ರಲ್ಲಿ ತೀರಿಕೊಂಡಳು ಅಂತ ಅದರಲ್ಲಿದೆ. ಅರಮನೆಯ ಹೆಂಗಸು ಯಾಕೆ ಹೀಗೆ ಮಾಡಿದಳು? ಈ ಪ್ರಶ್ನೆ ಎತ್ತಿದರೆ ಜೈನ ಧರ್ಮ ಪಂಚವ್ರತದ ಪಟ್ಟಿಯಾಗಿ ಉಳಿಯಲ್ಲ. ಅದು ಒಬ್ಬಳು ಮಾಡಿಕೊಂಡ ಆಯ್ಕೆಯಾಗಿ ಕಾಣುತ್ತೆ, ಅದನ್ನ ಒಪ್ಪಬಹುದು, ಒಪ್ಪದೇ ಇರಬಹುದು.

ಇಂಗ್ಲೆಂಡಿನಲ್ಲಿ 1944ರ ಕಾಯ್ದೆಯಿಂದ ಈಚೆಗೆ ಧರ್ಮದ ಪಾಠ ಕಡ್ಡಾಯ. ಆದರೆ ಸಾಮಾನ್ಯ ಸರ್ಕಾರಿ ಶಾಲೆಗಳ ಆ ಸಿಲಬಸ್ಸನ್ನ ಆಯಾ ಪ್ರದೇಶದಲ್ಲೇ ಮೇಷ್ಟ್ರುಗಳು, ಧರ್ಮದ ಪ್ರತಿನಿಧಿಗಳು, ಸ್ಥಳೀಯ ಆಡಳಿತ ಕೂತು ಮಾಡ್ತಾರೆ. ಮಗುವನ್ನ ಆ ಕ್ಲಾಸಿಂದ ಬಿಡಿಸಿಕೊಳ್ಳೋ ಹಕ್ಕೂ ಅಪ್ಪ ಅಮ್ಮನಿಗಿದೆ. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಅಚ್ಚಾಗೋ ಪಾಠದ ಜೊತೆ ತಾಲ್ಲೂಕಿಗೆ ನಾಲ್ಕು ಪುಟ ಬಿಟ್ಟರೂ ಸಾಕು.

ಅಡ್ಡಿ ಇರೋದು ಭಯದ್ದು. ಸಮಾಜ ವಿಜ್ಞಾನದ ಮೇಷ್ಟ್ರು ಒಂದು ಮಾತು ಹೆಚ್ಚುಕಮ್ಮಿ ಆಡಿದರೆ ಸಂಜೆಯೊಳಗೆ ವಿಡಿಯೋ, ಮಾರನೇ ದಿನ ಬಿಇಒ ಆಫೀಸಿಂದ ನೋಟಿಸು. ಅವರು ಟೇಬಲ್ಲಿಗೇ ಅಂಟಿಕೊಂಡರೆ ಬೈಯೋಕೆ ನನಗೆ ಮನಸ್ಸಿಲ್ಲ. ಇಂಥ ಪಾಠ ಮಾಡಿದ್ದಕ್ಕೆ ತೊಂದರೆ ಬಂದರೆ ನಿಮ್ಮ ಬೆನ್ನಿಗೆ ನಾವಿದ್ದೀವಿ ಅಂತ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ. ಎಸ್‌ಎಸ್‌ಎಲ್‌ಸಿ ಕೀ ಆನ್ಸರಿನ ಕಾಟ ಒಂಬತ್ತನೇ ಕ್ಲಾಸಿಗೆ ಇನ್ನೂ ಇಲ್ಲ, ಹಾಗಾಗಿ ಶುರು ಮಾಡೋದಾದರೆ ಅಲ್ಲಿಂದಲೇ ಮಾಡಬೇಕು. ‘ಪಾಶ್ಚಾತ್ಯ’ ಅನ್ನೋ ಪದ ಎಲ್ಲಾದರೂ ಉಳಿದಿದ್ದರೆ ಅದನ್ನ ತೆಗೆಯೋಕಂತೂ ಸಮಿತಿನೂ ಬೇಕಾಗಿಲ್ಲ.